ಬಿಸಾಡಿದ ಫಿಲಂ ತುಂಡಿನಲ್ಲಿ ಕಲಿತವರು

ನಿಮ್ಮೂರಿನಲ್ಲಿ ಐವತ್ತು ದಾಟಿದವರನ್ನು ಕೇಳಿ ನೋಡಿ. ಊರಾಚೆ ಟೆಂಟ್ ಸಿನಿಮಾ ಇದ್ದ ಕಾಲದಲ್ಲಿ, ಬೆಳಿಗ್ಗೆ ಎದ್ದು ಪ್ರೊಜೆಕ್ಟರ್ ರೂಮಿನ ಹಿಂದೆ ಫಿಲಂ ತುಂಡು ಹುಡುಕಲು ಹೋಗುತ್ತಿದ್ದ ಕಥೆ ಹೇಳುತ್ತಾರೆ. ರಾತ್ರಿ ಆಟದ ನಡುವೆ ರೀಲು ಹರಿದರೆ ಆಪರೇಟರು ಹಾಳಾದಷ್ಟನ್ನು ಕತ್ತರಿಸಿ ಎಸೆದು, ಉಳಿದ ಎರಡು ತುದಿಗಳನ್ನು ಕೆರೆದು ಅಂಟು ಹಾಕಿ ಸೇರಿಸುತ್ತಿದ್ದ. ಎಸೆದದ್ದು ಮಕ್ಕಳ ಪಾಲು. ಕೆಟ್ಟ ಬಲ್ಬಿನೊಳಗೆ ನೀರು ತುಂಬಿ, ಕನ್ನಡಿಯಿಂದ ಬಿಸಿಲು ಹಾಯಿಸಿ, ಕತ್ತಲೆ ಕೋಣೆಯ ಗೋಡೆ ಮೇಲೆ ರಾಜ್‌ಕುಮಾರ್ ಮುಖ ಮೂಡಿಸುತ್ತಿದ್ದರು. ನಮ್ಮ ಬಳಗದ ಒಬ್ಬನ ಅಪ್ಪನ ಹತ್ತಿರ ಅಂಥ ಏಳು ತುಂಡುಗಳು ಬೆಂಕಿಪೊಟ್ಟಣದಲ್ಲಿ ಇಂದಿಗೂ ಇವೆ.

ನಾವು ಪತ್ರಿಕೋದ್ಯಮ ಓದಿ ಊರಿಗೇ ವಾಪಸ್ ಬಂದವರು. ವರದಿ ಬರೆಯುವುದರ ಜೊತೆಗೆ ವಿಡಿಯೊನೂ ಮಾಡುತ್ತೇವೆ. ಎಡಿಟಿಂಗನ್ನು ನಮಗೆ ಯಾರೂ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಲಿಲ್ಲ. ಇಂಗ್ಲಿಷ್, ಹಿಂದಿ, ತೆಲುಗು ಪಾಠಗಳನ್ನು ಮೊಬೈಲಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿ ಕಲಿತೆವು. ನಿಮ್ಮಲ್ಲಿ ಮದುವೆ ವಿಡಿಯೊ ಮಾಡುವವರು, ಜಾತ್ರೆಯ ರೀಲ್ಸ್ ಹಾಕುವವರು ಕಲಿತದ್ದೂ ಬಹುಶಃ ಹೀಗೇ. ಹಾಗಾದರೆ ಇಂಟರ್ನೆಟ್ಟೇ ಇಲ್ಲದಾಗ ಈ ವಿದ್ಯೆ ಯಾರಿಂದ ಯಾರಿಗೆ ದಾಟುತ್ತಿತ್ತು? ನಾವೊಂದು ತಪ್ಪು ಮಾಡಿ ಸಿಕ್ಕಿಬಿದ್ದ ಮೇಲೆ ಈ ಹುಡುಕಾಟ ಶುರುವಾಯಿತು. ಆ ತಪ್ಪನ್ನೂ ಮುಚ್ಚಿಡದೆ ಹೇಳುತ್ತೇವೆ.

ಮೊದಮೊದಲು ಸಿನಿಮಾದಲ್ಲಿ ಕತ್ತರಿಗೆ ಕೆಲಸವೇ ಇರಲಿಲ್ಲ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಲ್ಯೂಮಿಯೇರ್ ಸಹೋದರರು ದುಡ್ಡು ತೆಗೆದುಕೊಂಡು ಜನಕ್ಕೆ ತೋರಿಸಿದ ಚಿತ್ರಗಳು ಒಂದೊಂದೂ ಐವತ್ತು ಸೆಕೆಂಡಿನ ಆಸುಪಾಸು. ಕ್ಯಾಮೆರಾದಲ್ಲಿ ಹಿಡಿಸುವಷ್ಟು ಫಿಲಂ ಓಡಿತು, ಚಿತ್ರ ಮುಗಿಯಿತು. ಮುಂದಿನ ಜುಲೈ 7ರಂದು ಬೊಂಬಾಯಿಯ ವಾಟ್ಸನ್ ಹೋಟೆಲಿನಲ್ಲಿ ನಮ್ಮ ದೇಶದವರು ನೋಡಿದ್ದೂ ಇಂಥವನ್ನೇ. ಇಂದಿನ ಲೆಕ್ಕದಲ್ಲಿ ಒಂದು ವಾಟ್ಸಾಪ್ ಸ್ಟೇಟಸ್.

ಜಾದೂಗಾರನಾಗಿದ್ದ ಜಾರ್ಜ್ ಮೆಲಿಯೆ ಒಂದು ಕಥೆ ಹೇಳುತ್ತಿದ್ದ. ಪ್ಯಾರಿಸ್ಸಿನ ಬೀದಿಯಲ್ಲಿ ಚಿತ್ರ ತೆಗೆಯುತ್ತಿದ್ದಾಗ ಕ್ಯಾಮೆರಾ ಸಿಕ್ಕಿಹಾಕಿಕೊಂಡಿತು. ಬಿಡಿಸಿ ಮತ್ತೆ ಓಡಿಸಿದ. ಆಮೇಲೆ ತೆರೆಯ ಮೇಲೆ ನೋಡಿದರೆ, ಹೋಗುತ್ತಿದ್ದ ಬಸ್ಸು ಇದ್ದಕ್ಕಿದ್ದಂತೆ ಹೆಣದ ಗಾಡಿಯಾಗಿಬಿಟ್ಟಿತ್ತು! ಜಾದೂಗಾರ ತನ್ನ ಕಥೆಗೆ ಒಂದಿಷ್ಟು ಒಗ್ಗರಣೆ ಹಾಕಿರಬಹುದು. ಆದರೆ ನಡುವಿನ ಒಂದು ಕ್ಷಣ ಕಳೆದುಹೋದರೆ ಅರ್ಥವೇ ಬೇರೆಯಾಗುತ್ತದೆ ಎನ್ನುವುದು ಅಂದಿನಿಂದ ಸಿನಿಮಾದವರ ಕೈಗೆ ಬಂತು.

ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಚಿತ್ರಗಳು ಉದ್ದವಾದವು, ಒಂದೇ ಕಥೆಗೆ ಹತ್ತಾರು, ನೂರಾರು ತುಂಡುಗಳು ಬೇಕಾದವು. ಕತ್ತರಿಸಿ ಅಂಟಿಸಲು ಅಮೆರಿಕದ ಸ್ಟುಡಿಯೋಗಳು ಹೆಚ್ಚಾಗಿ ಹುಡುಗಿಯರನ್ನು ಇಟ್ಟುಕೊಂಡವು. ಅದು ಹೊಲಿಗೆಯಂಥ ಕೆಲಸ, ಬುದ್ಧಿಯ ಕೆಲಸವಲ್ಲ ಎಂಬ ಲೆಕ್ಕ. ಸಂಬಳವೂ ಅದೇ ಲೆಕ್ಕದಲ್ಲಿ.

ಹಾಗೆ ಸೇರಿದವರಲ್ಲಿ ಮಾರ್ಗರೆಟ್ ಬೂತ್ ಒಬ್ಬರು. ಅಣ್ಣ ಎಲ್ಮರ್ ಬೂತ್ ನಟ. 1915ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ಅವನನ್ನು ತನ್ನ ಚಿತ್ರಗಳಲ್ಲಿ ಹಾಕಿಕೊಂಡಿದ್ದ ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್, ಶಾಲೆ ಬಿಟ್ಟ ವಯಸ್ಸಿನ ತಂಗಿಗೆ ಫಿಲಂ ಅಂಟಿಸುವ ಕೆಲಸ ಕೊಟ್ಟ. ಕೆಲವು ವರ್ಷಗಳ ನಂತರ ಆಕೆ ಜಾನ್ ಸ್ಟಾಲ್ ಎಂಬ ನಿರ್ದೇಶಕನ ಕೈಕೆಳಗೆ ಬಂದರು. ಸ್ಟಾಲ್ ತನ್ನ ಚಿತ್ರವನ್ನು ತಾನೇ ಕತ್ತರಿಸುತ್ತಿದ್ದ. ಆಕೆ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ರಾತ್ರಿ ಎಲ್ಲರೂ ಮನೆಗೆ ಹೋದ ಮೇಲೆ, ಅವನು ಬೇಡವೆಂದು ಬಿಟ್ಟ ತುಂಡುಗಳನ್ನು ಆರಿಸಿಕೊಂಡು ತಮ್ಮದೇ ರೀತಿಯಲ್ಲಿ ಜೋಡಿಸಿ ನೋಡುತ್ತಿದ್ದರು. ಒಂದು ದಿನ ಅದನ್ನು ನೋಡಿದ ಸ್ಟಾಲ್ ಮೆಚ್ಚಿ, ತನ್ನ ಸಹಾಯಕಿಯನ್ನಾಗಿ ಮಾಡಿಕೊಂಡ.

ಟೆಂಟಿನ ಹಿಂದೆ ತುಂಡು ಹೆಕ್ಕುತ್ತಿದ್ದ ನಮ್ಮೂರ ಹುಡುಗರಿಗೂ ಆಕೆಗೂ ಇರುವ ವ್ಯತ್ಯಾಸ ಒಂದೇ. ಆಕೆಯ ಹೆಕ್ಕುವಿಕೆಯನ್ನು ನೋಡುವ ಒಬ್ಬ ಅಲ್ಲಿದ್ದ. ಮಾರ್ಗರೆಟ್ ಬೂತ್ ಮುಂದೆ ಎಂಜಿಎಂ ಕಂಪನಿಯ ಎಲ್ಲ ಚಿತ್ರಗಳ ಸಂಕಲನದ ಮೇಲ್ವಿಚಾರಕಿಯಾಗಿ 1968ರವರೆಗೆ ದುಡಿದರು. ಎಂಬತ್ತು ದಾಟಿದ ಮೇಲೂ ಕೆಲಸ ಬಿಡಲಿಲ್ಲ. 104ನೇ ವಯಸ್ಸಿನಲ್ಲಿ, 2002ರಲ್ಲಿ ತೀರಿಕೊಂಡರು. ಅಂದಹಾಗೆ, ಈ ಕೆಲಸಕ್ಕೆ ಮರ್ಯಾದೆ ಬಂದ ಮೇಲೆ ಗಂಡಸರು ದೊಡ್ಡ ಸಂಖ್ಯೆಯಲ್ಲಿ ಬಂದರು. ನಾಟಿ ಮಾಡುವುದು ಹೆಂಗಸರ ಕೆಲಸ, ನಾಟಿ ಯಂತ್ರ ಓಡಿಸುವುದು ಗಂಡಸರ ಕೆಲಸ ಎನ್ನುವುದನ್ನು ಕಂಡಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ಹೊತ್ತಿಗೆ ರಷ್ಯದಲ್ಲಿ ಇನ್ನೊಂದು ಶಾಲೆ ನಡೆದಿತ್ತು. 1917ರ ಕ್ರಾಂತಿಯ ನಂತರ ಅಲ್ಲಿ ಹೊಸ ಫಿಲಂಗೆ ಬರ. ಮಾಸ್ಕೋದಲ್ಲಿ ಪಾಠ ಮಾಡುತ್ತಿದ್ದ ಲೆವ್ ಕುಲೆಶೋವ್ ಎಂಬ ಯುವಕ ಹಳೆಯ ಚಿತ್ರಗಳನ್ನೇ ಕತ್ತರಿಸಿ ಪ್ರಯೋಗ ಮಾಡಿದ. ಇವಾನ್ ಮೊಝುಖಿನ್ ಎಂಬ ನಟನ, ಯಾವ ಭಾವವೂ ಇಲ್ಲದ ಮುಖದ ತುಂಡೊಂದನ್ನು ತೆಗೆದುಕೊಂಡ. ಅವನ ಶಿಷ್ಯ ಪುಡೊವ್‌ಕಿನ್ ಹೇಳುವಂತೆ, ಆ ಮುಖದ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಆಟವಾಡುವ ಮಗುವನ್ನು ಇಟ್ಟರು. ನೋಡಿದವರು ‘ಎಂಥ ಹಸಿವು, ಎಂಥ ದುಃಖ, ಎಂಥ ಪ್ರೀತಿ’ ಎಂದು ನಟನನ್ನು ಹೊಗಳಿದರಂತೆ. ಮೂರು ಕಡೆಯೂ ಮುಖ ಅದೇ. ಆ ಫಿಲಂ ಈಗ ಉಳಿದಿಲ್ಲ. ಅದರಲ್ಲಿ ಏನೇನಿತ್ತು ಎಂಬುದನ್ನು ಗುರು ಒಂದು ತರಹ ಹೇಳಿದ್ದಾನೆ, ಶಿಷ್ಯ ಇನ್ನೊಂದು ತರಹ. ಆದರೆ ಇಂದಿಗೂ ಎಡಿಟಿಂಗ್ ಕಲಿಸುವ ಎಲ್ಲ ಕಡೆ ಮೊದಲ ಪಾಠ ಇದೇ.

ಈ ಪಾಠವನ್ನು ನಾವು ಓದಿ ತಿಳಿದದ್ದಲ್ಲ, ತಪ್ಪು ಮಾಡಿ ತಿಳಿದದ್ದು.

ವೃದ್ಧಾಪ್ಯ ವೇತನದ ಬಗ್ಗೆ ಒಂದು ವಿಡಿಯೊ ಮಾಡಿದ್ದೆವು. ಹಳ್ಳಿಯೊಂದರಲ್ಲಿ ಅಜ್ಜಿಯೊಬ್ಬರನ್ನು ‘ಪೆನ್ಷನ್ ಸರಿಯಾಗಿ ಬರುತ್ತಾ ಅಜ್ಜಿ?’ ಎಂದು ಕೇಳಿದೆವು. ಅಜ್ಜಿ ‘ಇಲ್ಲಾ…’ ಎಂದರು. ಕೆಮ್ಮು ಬಂತು. ಚೆನ್ನಾಗಿ ಕೆಮ್ಮಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ‘…ಅನ್ನಕ್ಕಾಗಕಿಲ್ಲ ಕಣಪ್ಪ, ಬತ್ತದೆ. ಒಂದೊಂದ್ಸಲ ತಡ ಆಯ್ತದೆ, ಅಷ್ಟೇಯ’ ಎಂದರು. ಶೂಟ್ ಮಾಡಿದವನು ಬೇರೆ, ಎಡಿಟ್ ಮಾಡಿದವಳು ಬೇರೆ. ರಾತ್ರಿ ಹನ್ನೊಂದರ ಹೊತ್ತು, ವಿಡಿಯೊ ತೊಂಬತ್ತು ಸೆಕೆಂಡಿಗೆ ಇಳಿಯಬೇಕು. ‘ಇಲ್ಲಾ’ ಎಂಬಲ್ಲಿಗೆ ಮಾತು ಮುಗಿಯಿತೆಂದುಕೊಂಡು, ಕೆಮ್ಮಿನಿಂದ ಮುಂದಕ್ಕೆ ಕತ್ತರಿಸಿದೆವು. ಅದರ ಪಕ್ಕಕ್ಕೆ ಅಜ್ಜಿಯ ಮನೆಯ ಆರಿದ ಒಲೆಯ ಚಿತ್ರ ಇಟ್ಟೆವು. ಒಲೆ ಆರಿದ್ದು ಮಧ್ಯಾಹ್ನದ ಅಡುಗೆ ಮುಗಿದಿದ್ದರಿಂದ!

ನಾಲ್ಕನೇ ದಿನ ಅಜ್ಜಿಯ ಸೊಸೆ ಫೋನ್ ಮಾಡಿದರು. ‘ಅಣ್ಣಾ, ನಮ್ಮತ್ತೆ ಹಂಗೆ ಹೇಳೇ ಇಲ್ಲ. ದುಡ್ಡು ತಂದ್ಕೊಡೋ ಅಂಚೆಯಣ್ಣನ್ನ ಊರೋರೆಲ್ಲ ಕಳ್ಳ ಅಂತಾವ್ರೆ.’ ಅಷ್ಟು ಹೊತ್ತಿಗೆ ವಿಡಿಯೊ ಅಕ್ಕಪಕ್ಕದ ಹಳ್ಳಿಗಳ ಗ್ರೂಪುಗಳಲ್ಲೆಲ್ಲ ಸುತ್ತಿತ್ತು. ತೆಗೆದುಹಾಕಿದೆವು. ಪೂರ್ತಿ ಮಾತಿರುವ ವಿಡಿಯೊ ಹಾಕಿ ಕ್ಷಮೆ ಕೇಳಿದೆವು. ಮೊದಲನೆಯದನ್ನು ನೋಡಿದವರೆಲ್ಲ ಎರಡನೆಯದನ್ನು ನೋಡಿರಲಾರರು.

ನಮ್ಮ ತಪ್ಪು ನಡೆದದ್ದು ಒಬ್ಬಳೇ ಕೂತಿದ್ದ ಕೋಣೆಯಲ್ಲಿ. ಹಳೆಯ ಕಾಲದ ಎಡಿಟಿಂಗ್ ರೂಮು ಹಾಗಿರಲಿಲ್ಲ. ಅದು ಹೇಗಿತ್ತೆಂದು ನೋಡಬೇಕಾದರೆ 1929ರ ಸೋವಿಯತ್ ಚಿತ್ರ ‘ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ’ ಯೂಟ್ಯೂಬಿನಲ್ಲಿ ಸಿಗುತ್ತದೆ. ಮಾತಿಲ್ಲದ ಚಿತ್ರ, ಭಾಷೆಯ ತೊಡಕಿಲ್ಲ. ಸಂಕಲನಗಾರ್ತಿ ಎಲಿಜವೆಟಾ ಸ್ವಿಲೋವಾ ಅದರೊಳಗೇ ಕಾಣಿಸಿಕೊಳ್ಳುತ್ತಾರೆ. ಮೇಜಿನ ಮುಂದೆ ಕೂತು ಫಿಲಂ ಎತ್ತಿ ನೋಡುತ್ತಾರೆ, ಕತ್ತರಿಸುತ್ತಾರೆ, ಅಂಟಿಸುತ್ತಾರೆ. ಸುತ್ತ ಸುರುಳಿಗಳು ಸಾಲಾಗಿ ಜೋಡಿಸಿವೆ. ನಿಂತಿದ್ದ ಮುಖ ಅವರ ಕೈ ತಾಕಿದ ಮೇಲೆ ಚಲಿಸತೊಡಗುತ್ತದೆ.

ಕೈಯಲ್ಲಿ ಹಿಡಿದು ಬೆಳಕಿಗೆ ನೋಡುವ ಕಷ್ಟ ತಪ್ಪಿಸಿದ್ದು ಮೂವಿಯೋಲಾ ಎಂಬ ಯಂತ್ರ. ಇವಾನ್ ಸೆರೂರಿಯೆ ಎಂಬಾತ ಅದನ್ನು ಮೊದಲು ಮಾಡಿದ್ದು ಶ್ರೀಮಂತರು ಮನೆಯಲ್ಲಿ ಸಿನಿಮಾ ನೋಡಲಿ ಎಂದು. ಬೆಲೆ 600 ಡಾಲರ್, ಕೊಳ್ಳುವವರಿರಲಿಲ್ಲ. 1924ರಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಸ್ಟುಡಿಯೋದ ಎಡಿಟರೊಬ್ಬರು ಇದು ನಮ್ಮ ಕೆಲಸಕ್ಕೆ ಬರುತ್ತದಲ್ಲ ಎಂದರು. ಆತ ಬದಲಾಯಿಸಿ ಕೊಟ್ಟ. ಆಮೇಲೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಹೊಲಿಗೆ ಯಂತ್ರದ ಹಾಗೆ ಕಟಕಟ ಎನ್ನುತ್ತಾ ಜಗತ್ತಿನ ಸಿನಿಮಾ ಅದರಲ್ಲಿ ಓಡಿತು. ಹಾಲಿವುಡ್ಡಿನಲ್ಲೂ ಅದೇ, ಮದ್ರಾಸಿನಲ್ಲೂ ಅದೇ.

ಲೆಕ್ಕ ಕೇಳಿ. ಮೂವತ್ತೈದು ಮಿಲಿಮೀಟರ್ ಫಿಲಂನಲ್ಲಿ ಒಂದು ಅಡಿಗೆ 16 ಚಿತ್ರ, ಒಂದು ಸೆಕೆಂಡಿಗೆ 24. ನಿಮಿಷಕ್ಕೆ 90 ಅಡಿ. ಎರಡೂವರೆ ಗಂಟೆಯ ಸಿನಿಮಾ ಅಂದರೆ 13,500 ಅಡಿ, ಅಂದರೆ ನಾಲ್ಕು ಕಿಲೋಮೀಟರಿಗೂ ಮೇಲೆ. ಅದು ಆರಿಸಿ ಉಳಿದದ್ದು ಮಾತ್ರ. ಶೂಟ್ ಮಾಡಿದ್ದು ಅದರ ಹಲವು ಪಟ್ಟು. ಆ ರಾಶಿಯಲ್ಲಿ ಹನ್ನೆರಡು ಚಿತ್ರಗಳ, ಅಂದರೆ ಅರ್ಧ ಸೆಕೆಂಡಿನ ತುಂಡು ಎಲ್ಲಿದೆ ಎಂದು ಹೇಳಬೇಕಾದವರು ಸಹಾಯಕರು. ಕತ್ತರಿಸಿದ ತುಂಡುಗಳನ್ನು ಬಟ್ಟೆ ಹೊದಿಸಿದ ತೊಟ್ಟಿಯ ಮೇಲೆ ಮೊಳೆಗಳಿಗೆ ನೇತುಹಾಕಿ, ನಂಬರ್ ಬರೆದು ಇಡುತ್ತಿದ್ದರು. ಎಡಿಟರ್ ಕೈ ಚಾಚಿದಾಗ ಸರಿಯಾದ ತುಂಡು ಕೈಗೆ ಬರಬೇಕು. ಹಾಗೆ ನಿಂತು ನಿಂತೇ ಕಲಿಯುತ್ತಿದ್ದರು. ಎಡಿಟರ್ ಎಲ್ಲಿ ತಡೆದ, ಯಾವುದನ್ನು ಹಾಕಿ ಮತ್ತೆ ತೆಗೆದ, ನಿರ್ದೇಶಕ ಬೈದಾಗ ಏನು ಹೇಳಿದ, ಎಲ್ಲವೂ ಕಣ್ಣೆದುರೇ. ಕೊನೆಗೆ ನೆಗೆಟಿವ್ ಕತ್ತರಿಸುವ ದಿನ ಯಾರೂ ಮಾತಾಡುವಂತಿಲ್ಲ. ಅದು ಒಂದೇ ಪ್ರತಿ, ತಪ್ಪಿದರೆ ತಪ್ಪಿದಂತೆಯೇ.

ಕನ್ನಡ ಸಿನಿಮಾದ ಕತ್ತರಿಯೂ ಬಹಳ ಕಾಲ ಊರಾಚೆಯೇ ಇತ್ತು. 1934ರ ‘ಸತಿ ಸುಲೋಚನ’ ತಯಾರಾದದ್ದು ಕೊಲ್ಹಾಪುರದಲ್ಲಿ. ಆಮೇಲೆ ದಶಕಗಳ ಕಾಲ ನಮ್ಮ ಚಿತ್ರಗಳು ಮದ್ರಾಸಿನ ಸ್ಟುಡಿಯೋ, ಲ್ಯಾಬುಗಳನ್ನೇ ನಂಬಿದ್ದವು. ಇಲ್ಲಿನ ಹುಡುಗ ಎಡಿಟಿಂಗ್ ಕಲಿಯಬೇಕೆಂದರೆ ರೈಲು ಹತ್ತಿ ಹೋಗಿ, ಗೊತ್ತಿದ್ದವರ ಕೈಕಾಲು ಹಿಡಿದು, ವರ್ಷಗಟ್ಟಲೆ ರೀಲಿನ ಡಬ್ಬ ಹೊರಬೇಕಿತ್ತು. ಹಳೆಯ ರೂಮನ್ನು ಹೊಗಳುವಾಗ ಇದನ್ನು ಮರೆಯಬಾರದು. ಒಳಗೆ ಹೋದವನಿಗೆ ಅದು ಗುರುಕುಲ, ಹೋಗಲಾಗದವನಿಗೆ ಮುಚ್ಚಿದ ಬಾಗಿಲು. ಪುಣೆಯಲ್ಲಿ 1960ರಲ್ಲಿ ಶುರುವಾದ ಸರ್ಕಾರಿ ಫಿಲಂ ಇನ್‌ಸ್ಟಿಟ್ಯೂಟ್ ಇನ್ನೊಂದು ಬಾಗಿಲು ತೆರೆಯಿತು. ಅಲ್ಲಿ ಎಡಿಟಿಂಗ್ ಓದಿದ ರೇಣು ಸಲುಜಾ ನಾಲ್ಕು ಬಾರಿ ರಾಷ್ಟ್ರಪ್ರಶಸ್ತಿ ಪಡೆದರು. ನಮ್ಮ ಸುರೇಶ್ ಅರಸ್ ಅವರಿಗೆ ಮಣಿರತ್ನಂ ಅವರ ‘ಬಾಂಬೆ’ ಚಿತ್ರದ ಸಂಕಲನಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಟಿವಿಯ ಕಥೆ ಬೇರೆ. 1956ರಲ್ಲಿ ಅಮೆರಿಕದ ಆಂಪೆಕ್ಸ್ ಕಂಪನಿ ವಿಡಿಯೊ ಟೇಪ್ ಯಂತ್ರ ತಂದಿತು. ಟೇಪಿನ ಮೇಲೆ ಚಿತ್ರ ಕಣ್ಣಿಗೆ ಕಾಣುವುದಿಲ್ಲ. ಕತ್ತರಿಸುವ ಜಾಗ ಗುರುತಿಸಲು ಕಬ್ಬಿಣದ ಸಣ್ಣ ಪುಡಿ ಬೆರೆಸಿದ ದ್ರವ ಸವರಿ, ಗೆರೆಗಳು ಮೂಡಿದ ಮೇಲೆ ಬ್ಲೇಡಿನಿಂದ ಕೊಯ್ಯುತ್ತಿದ್ದರು. 1971ರಲ್ಲಿ ಸಿಎಂಎಕ್ಸ್ 600 ಎಂಬ ಕಂಪ್ಯೂಟರ್ ವ್ಯವಸ್ಥೆ ಬಂತು. ಬಟ್ಟೆ ಒಗೆಯುವ ಮೆಷಿನ್ನಿನಷ್ಟು ದೊಡ್ಡ ಡಿಸ್ಕುಗಳಲ್ಲಿ ಅರ್ಧ ಗಂಟೆಯಷ್ಟು ಮಸುಕಾದ ಕಪ್ಪುಬಿಳುಪು ಚಿತ್ರ ಹಿಡಿಸುತ್ತಿತ್ತು. ಬೆಲೆ ಎರಡೂವರೆ ಲಕ್ಷ ಡಾಲರ್. ಬೆರಳೆಣಿಕೆಯಷ್ಟು ಮಾರಾಟವಾದವು. ಇಂದು ನಿಮ್ಮ ಜೇಬಿನಲ್ಲಿರುವ ಆ್ಯಪಿನ ಮುತ್ತಜ್ಜ ಅದು.

ನಿಜವಾದ ಬದಲಾವಣೆ 1989ರಲ್ಲಿ ಬಂದ ಅವಿಡ್‌ನಿಂದ. ಫಿಲಂ ಮೇಲಿನದನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಅಲ್ಲೇ ಹಿಂದೆಮುಂದೆ ಮಾಡಿ ನೋಡಬಹುದಾಯಿತು. ಭಾರತದಲ್ಲಿ ಇದನ್ನು ಮೊದಲು ಬಳಸಿದ್ದು ಕಮಲ್ ಹಾಸನ್ ಅವರ 1994ರ ತಮಿಳು ಚಿತ್ರ ‘ಮಹಾನದಿ’ ಎನ್ನುತ್ತಾರೆ. ಹಾಲಿವುಡ್ಡಿನ ವಾಲ್ಟರ್ ಮರ್ಚ್, ಅಡುಗೆಯವರ ಹಾಗೆ ನಿಂತುಕೊಂಡೇ ಎಡಿಟ್ ಮಾಡುವ ಆಸಾಮಿ, ‘ದಿ ಇಂಗ್ಲಿಷ್ ಪೇಷಂಟ್’ ಚಿತ್ರವನ್ನು ಫಿಲಂ ಮೇಲೇ ಶುರುಮಾಡಿದ್ದರು. ಮನೆಯಲ್ಲೊಂದು ತುರ್ತು ಬಂದು, ಮನೆಯಿಂದಲೇ ಕೆಲಸ ಮಾಡಬೇಕಾಗಿ, ಅರ್ಧದಲ್ಲಿ ಅವಿಡ್‌ಗೆ ಬದಲಾಯಿಸಿದರು. 1997ರಲ್ಲಿ ಆ ಚಿತ್ರಕ್ಕೆ ಸಂಕಲನದ ಆಸ್ಕರ್ ಬಂತು. ಡಿಜಿಟಲ್ ಆಗಿ ಎಡಿಟ್ ಮಾಡಿದ ಚಿತ್ರಕ್ಕೆ ಆ ಪ್ರಶಸ್ತಿ ಅದೇ ಮೊದಲು.

ಕಂಪ್ಯೂಟರಿನಲ್ಲಿ ತುಂಡು ಹುಡುಕಿಕೊಡುವವರು ಬೇಕಿರಲಿಲ್ಲ. ಸಹಾಯಕರ ಕೆಲಸ ಹೋಗಲಿಲ್ಲ, ಜಾಗ ಹೋಯಿತು. ಫೈಲು ಇಳಿಸುವುದು, ಹೆಸರು ಹಾಕುವುದು, ಬ್ಯಾಕಪ್ ಮಾಡುವುದು ಇವೆಲ್ಲ ಬೇರೆ ಕೋಣೆಯ, ಎಷ್ಟೋ ಸಲ ರಾತ್ರಿ ಪಾಳಿಯ ಕೆಲಸವಾದವು. ಎಡಿಟರ್ ಯೋಚಿಸುವುದನ್ನು ಹಿಂದೆ ನಿಂತು ನೋಡುವವರು ಕಡಿಮೆಯಾದರು.

1999ರಲ್ಲಿ ಆ್ಯಪಲ್ ಕಂಪನಿ ಫೈನಲ್ ಕಟ್ ಪ್ರೊ ಎಂಬ ತಂತ್ರಾಂಶವನ್ನು 999 ಡಾಲರಿಗೆ ಮಾರಲು ಶುರುಮಾಡಿತು. ಅವಿಡ್ ಆಗ ಹತ್ತಾರು ಸಾವಿರ ಡಾಲರಿನ ಮಾತು. ರೂಮಿಗೆ ಕಾಲಿಡದವರೂ ಈಗ ಎಡಿಟರುಗಳಾದರು. ಕಲಿಸುವವರು? ಒಬ್ಬರಿಗೊಬ್ಬರೇ. ಲಾರೆನ್ಸ್ ಜೋರ್ಡನ್ ಎಂಬ ಹಾಲಿವುಡ್ ಎಡಿಟರ್ ‘ಟೂ-ಪಾಪ್’ ಎಂಬ ತಾಣ ಕಟ್ಟಿದರು. ಚಿತ್ರ ಶುರುವಾಗಲು ಎರಡು ಸೆಕೆಂಡ್ ಮುಂಚೆ ಬರುವ ‘ಪಿಪ್’ ಎಂಬ ಶಬ್ದದ ಹೆಸರು ಅದು. ಚಿತ್ರ ಮತ್ತು ಧ್ವನಿ ತಾಳೆಯಾಗಿವೆಯೇ ಎಂದು ನೋಡಲು ಆ ಗುರುತು. ರೊನಾಲ್ಡ್ ಮತ್ತು ಕ್ಯಾಥ್ಲಿನ್ ಲಿಂಡೆಬೂಮ್ ದಂಪತಿ ನಡೆಸಿದ್ದು ‘ಕ್ರಿಯೇಟಿವ್ ಕೌ’. ಹೌದು, ಕೌ ಅಂದರೆ ಹಸುವೇ. ‘ಕಮ್ಯುನಿಟೀಸ್ ಆಫ್ ದ ವರ್ಲ್ಡ್’ ಎಂಬುದರ ಮೊದಲಕ್ಷರಗಳು ಹಾಗೆ ಕೂಡಿಬಂದವು. ಯಾವುದೋ ದೇಶದಲ್ಲಿ ನಡುರಾತ್ರಿ ಯಂತ್ರ ಕೈಕೊಟ್ಟವನಿಗೆ ಇನ್ನಾವುದೋ ದೇಶದವನು ದುಡ್ಡಿಲ್ಲದೆ ಉತ್ತರ ಹೇಳುತ್ತಿದ್ದ. ನಮ್ಮಂಥವರು ಇಂದು ನೋಡುವ ಪಾಠಗಳ ಬೇರು ಅಲ್ಲಿದೆ.

2011ರ ಜೂನ್‌ನಲ್ಲಿ ಆ್ಯಪಲ್ ಫೈನಲ್ ಕಟ್‌ನ ಹೊಸ ರೂಪ ತಂದು, ಹಳೆಯದರ ಮಾರಾಟ ನಿಲ್ಲಿಸಿತು. ಹೊಸದರಲ್ಲಿ ಹಳೆಯ ಕೆಲಸಗಳು ತೆರೆಯುತ್ತಲೇ ಇರಲಿಲ್ಲ. ಹಲವು ಕ್ಯಾಮೆರಾಗಳ ದೃಶ್ಯವನ್ನು ಒಟ್ಟಿಗೆ ಎಡಿಟ್ ಮಾಡುವ ಅನುಕೂಲವೂ ಇರಲಿಲ್ಲ. ಹತ್ತು ವರ್ಷ ಅದರಲ್ಲೇ ಕೈ ಪಳಗಿಸಿಕೊಂಡವರು ಸಿಟ್ಟಿಗೆದ್ದರು, ಸಹಿ ಸಂಗ್ರಹಿಸಿದರು. ಅಮೆರಿಕದ ಕೋನನ್ ಓಬ್ರಿಯನ್ ಟಿವಿ ಕಾರ್ಯಕ್ರಮದ ಎಡಿಟರುಗಳು ಅಣಕು ವಿಡಿಯೊ ಮಾಡಿ ನಗಿಸಿದರು. ಬಿಟ್ಟುಹೋದ ಅನುಕೂಲಗಳಲ್ಲಿ ಕೆಲವು 2012ರ ಜನವರಿಯಲ್ಲಿ ಮರಳಿ ಬಂದವು. ಅಷ್ಟರಲ್ಲಿ ಎಷ್ಟೋ ಜನ ಬೇರೆ ದಾರಿ ಹಿಡಿದಿದ್ದರು. 2020ರ ಜೂನ್ 29ರ ರಾತ್ರಿ ನಮಗೂ ಇದರ ರುಚಿ ಸಿಕ್ಕಿತು. ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪುಗಳಲ್ಲಿ ಟಿಕ್‌ಟಾಕ್ ಜೊತೆ ವಿವಾವಿಡಿಯೊ ಕೂಡ ಇತ್ತು. ನಮ್ಮಲ್ಲಿ ಇಬ್ಬರು ಎಡಿಟಿಂಗ್ ಕಲಿತಿದ್ದೇ ಅದರಲ್ಲಿ. ಹೊಸ ಆ್ಯಪ್ ಹಾಕಿಕೊಂಡು ಗುಂಡಿಗಳನ್ನು ಮತ್ತೆ ಕಲಿಯಲು ಒಂದು ವಾರ ಸಾಕಾಯಿತು.

ಗುಂಡಿ ಯಾವುದೆಂದು ಹೇಳುವವರು ಇಂದು ಬೇಕಾದಷ್ಟು ಸಿಗುತ್ತಾರೆ. ಕನ್ನಡದಲ್ಲಿ ಇನ್ನೂ ಕಡಿಮೆ, ಆದರೂ ಇದ್ದಾರೆ. ಆ ರಾತ್ರಿ ನಮಗೆ ಬೇಕಾಗಿದ್ದವರು ಅವರಲ್ಲ. ಅಜ್ಜಿಯ ಪೂರ್ತಿ ಮಾತು ಕೇಳಿಸಿಕೊಂಡಿದ್ದ ಒಬ್ಬ ಬೆನ್ನ ಹಿಂದೆ ನಿಂತಿರಬೇಕಿತ್ತು, ಕೆಮ್ಮಿನ ತುಂಡು ಕಣ್ಣೆದುರು ಮೊಳೆಗೆ ನೇತಾಡುತ್ತಿರಬೇಕಿತ್ತು.

ಈಗ ನಾವು ಎರಡು ಕೆಲಸ ಮಾಡುತ್ತೇವೆ. ಶೂಟ್ ಮಾಡಿದವರು ಪಕ್ಕದಲ್ಲಿ ಕೂತು ನೋಡದೆ ಯಾವ ವಿಡಿಯೊನೂ ಹೊರಗೆ ಬಿಡುವುದಿಲ್ಲ. ದೂರವಿದ್ದರೆ ವಿಡಿಯೊ ಕಾಲಿನಲ್ಲಾದರೂ ಸರಿ. ಕತ್ತರಿಸಿದ್ದನ್ನು ಅಳಿಸದೆ ‘ಮೊಳೆ’ ಎಂಬ ಫೋಲ್ಡರಿನಲ್ಲಿ ಮೂರು ತಿಂಗಳು ಇಡುತ್ತೇವೆ. ಮೆಮೊರಿ ಕಾರ್ಡಿಗೆ ಖರ್ಚಾಗುತ್ತದೆ, ವಿಡಿಯೊ ಒಂದು ದಿನ ತಡವಾಗುತ್ತದೆ.

ಸರಿಮಾಡಿದ ವಿಡಿಯೊ ತೋರಿಸಲು ಅಜ್ಜಿಯ ಮನೆಗೆ ಹೋಗಿದ್ದೆವು. ಸೊಸೆ ಕಾಫಿ ಕೊಟ್ಟರು. ಅಜ್ಜಿ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಪೂರ್ತಿ ನೋಡಿ, ‘ಈ ಕೆಮ್ಮು ಆವತ್ತು ಎಲ್ಲಿಗೋಗಿತ್ತು?’ ಎಂದು ಕೇಳಿದರು. ಅಂಚೆಯಣ್ಣ ಎದುರು ಸಿಕ್ಕರೆ ತಲೆ ಆಡಿಸುತ್ತಾರೆ, ಅಷ್ಟೇ. ಇನ್ನೂ ಮಾತಾಡಿಲ್ಲ.